ಪ್ರಾರ್ಥನೆಗೆ ಬಾಯಿ ಬರುತ್ತಿಲ್ಲ, ಸಭೆ ಬಿಟ್ಟುಬಿಡಲೇ?

ಪ್ರಶ್ನೆ: ನಾನು ಚಿಕ್ಕಂದಿನಿಂದ ಸಭೆಯಲ್ಲೇ, ಅಂದರೆ ಚರ್ಚಿನಲ್ಲೇ, ಬೆಳೆದವಳು. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಅಮ್ಮನ ಕಾಯಿಲೆ ವಾಸಿಯಾಗಲಿ ಎಂದು ಉಪವಾಸವಿದ್ದು ಪ್ರಾರ್ಥಿಸಿದೆ. ಅಮ್ಮ ಉಳಿಯಲಿಲ್ಲ. ‘ನಿನ್ನ ನಂಬಿಕೆ ಸಾಲದೆ ಹೋಯ್ತು’ ಎಂದರು ಹಿರಿಯರೊಬ್ಬರು. ಈಗ ಬೈಬಲ್ ತೆರೆದರೆ ಬರೀ ಅಕ್ಷರ ಕಾಣುತ್ತದೆ. ‘ದೇವರು ನಮ್ಮ ಮೊರೆ ಕೇಳುತ್ತಾನೆ’ ಎಂದು ಮಕ್ಕಳಿಗೆ ಹೇಳುವಾಗ ನಾಟಕ ಆಡಿದಂತಾಗುತ್ತದೆ. ಸಭೆ ಬಿಟ್ಟುಬಿಡಲೇ?

ಪ್ರಿಯ ಸಹೋದರಿ,

ಮೊದಲು ಆ ಹಿರಿಯರ ಮಾತನ್ನು ತಲೆಯಿಂದ ತೆಗೆದುಹಾಕಿ. ಅದು ತಪ್ಪು ಮಾತು, ಕ್ರೂರವಾದ ಮಾತು ಕೂಡ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ‘ಈ ಪಾತ್ರೆ ನನ್ನಿಂದ ದಾಟಿಹೋಗಲಿ’, ಅಂದರೆ ಈ ಸಂಕಟ ತಪ್ಪಲಿ, ಎಂದು ಯೇಸುಸ್ವಾಮಿಯೇ ಬೇಡಿಕೊಂಡರು. ಅದು ದಾಟಿಹೋಗಲಿಲ್ಲ. ಅವರಿಗೂ ನಂಬಿಕೆ ಸಾಲದೆ ಹೋಯ್ತು ಅಂತೀವಾ?

ಇನ್ನು ನಾಟಕದ ವಿಷಯ. ಬೈಬಲಿನ 88ನೇ ಕೀರ್ತನೆಯನ್ನು ನಿಧಾನವಾಗಿ ಓದಿ. ಗೋಳಾಡುವ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ. ಇದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ‘ಯಾಕೆ ಮುಖ ಮರೆಸಿಕೊಂಡಿದ್ದೀ?’ ಎಂದು ಕೇಳಿದವನಿಗೆ ಉತ್ತರವೂ ಸಿಗುವುದಿಲ್ಲ. ಆದರೂ ಅವನು ಹಗಲೂ ರಾತ್ರಿ ಕೂಗುವುದು ದೇವರನ್ನೇ. ಜಗಳವಾದರೂ ದೇವರ ಹತ್ತಿರವೇ. ಆ ಜಗಳವನ್ನು ಯಾರೂ ಬೈಬಲಿನಿಂದ ತೆಗೆದುಹಾಕಲಿಲ್ಲ ನೋಡಿ. ನಿಮ್ಮ ಕೋಪವನ್ನೂ ಹಾಗೇ ದೇವರ ಮುಂದೆ ಹೇಳಿಬಿಡಿ. ಚೆಂದದ ಮಾತು ಹುಡುಕಬೇಡಿ. ‘ನನಗೆ ಸಿಟ್ಟು ಬಂದಿದೆ, ಆದರೂ ಬಂದಿದ್ದೇನೆ’ ಎಂದರೆ ಅದೂ ಪ್ರಾರ್ಥನೆಯೇ. ನಂಬಿಗಸ್ತರಾಗಿರುವುದು ಎಂದರೆ ಎದೆ ತುಂಬಿ ಬರುವುದು ಮಾತ್ರ ಅಲ್ಲ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ, ದಶಕಗಳ ಕಾಲ ಅವರ ಒಳಗೂ ಇಂಥದೇ ಕತ್ತಲೆ ಇತ್ತೆಂದು ತಿಳಿಯಿತು. ಅವರು ಸೇವೆ ಬಿಡಲಿಲ್ಲ.

ಸಭೆಯನ್ನು ಮಾತ್ರ ಬಿಡಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಒಬ್ಬ ಪಾರ್ಶ್ವವಾಯು ರೋಗಿ ಬರುತ್ತಾನೆ. ಅವನಿಗೆ ಎದ್ದು ನಡೆಯಲು ಆಗದು. ನಾಲ್ವರು ಅವನನ್ನು ಹೊತ್ತು ತರುತ್ತಾರೆ. ಒಳಗೆ ಜನ ಕಿಕ್ಕಿರಿದಿದ್ದಾರೆ. ಅವರು ಮಾಳಿಗೆ ಹತ್ತಿ, ಚಾವಣಿ ಕಿತ್ತು, ಹಾಸಿಗೆ ಸಮೇತ ಅವನನ್ನು ಇಳಿಸುತ್ತಾರೆ. ಯೇಸುಸ್ವಾಮಿ ‘ಅವರ’ ನಂಬಿಕೆಯನ್ನು ನೋಡಿದರು ಎಂದಿದೆ. ಹೊತ್ತು ತಂದವರ ನಂಬಿಕೆಯೂ ಲೆಕ್ಕಕ್ಕೆ ಬಂತು! ನೀವೂ ಸ್ವಲ್ಪ ಕಾಲ ಹಾಸಿಗೆಯ ಮೇಲಿರುವವರಾಗಿ. ಹಾಡಲು ಆಗದಿದ್ದರೆ ಬೇಡ, ಸುಮ್ನೆ ಕೂತಿರಿ. ಪಕ್ಕದವರು ಹಾಡುತ್ತಾರೆ.

ಸಂಡೇ ಸ್ಕೂಲಿನಿಂದ ಒಂದೆರಡು ತಿಂಗಳು ಬಿಡುವು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಮುಂದುವರಿಸುವುದಾದರೆ, ‘ಕೆಲವು ಸಲ ಬೇಡಿದ್ದು ಸಿಗುವುದಿಲ್ಲ, ಯಾಕೆಂದು ಅಕ್ಕನಿಗೂ ಗೊತ್ತಿಲ್ಲ’ ಎಂದು ಮಕ್ಕಳಿಗೆ ಧೈರ್ಯವಾಗಿ ಹೇಳಿ. ಅವರ ಮನೆಗಳಲ್ಲೂ ಸಾವು ನೋವು ಇರುತ್ತದೆ, ಅಲ್ವಾ?

ಪಾಸ್ಟರ್ ಹತ್ತಿರವೋ ನಂಬಿಕೆಯ ಗೆಳತಿಯ ಹತ್ತಿರವೋ ಈ ವಾರವೇ ಮನಸ್ಸು ಬಿಚ್ಚಿ ಮಾತಾಡಿ. ಊಟ, ನಿದ್ದೆ ಸರಿಯಾಗಿ ಆಗುತ್ತಿಲ್ಲ ಎಂದರೆ ವೈದ್ಯರನ್ನೂ ಕಾಣಿ, ಅದು ನಂಬಿಕೆಗೆ ವಿರುದ್ಧ ಅಲ್ಲ. ‘ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ’ ಎಂದು ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಬೋಧನೆ ಮಾಡಲಿಲ್ಲ. ಬಿಸಿ ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟ. ಮುಂದಿನ ದಾರಿಯ ಮಾತು ಬಂದಿದ್ದು ಆಮೇಲೆ.