ಸಿಡಿಲಿಗೆ ಹೆದರುವ ಲೆಕ್ಕಪತ್ರ

ಪ್ರಶ್ನೆ: ಶಿರಸಿಯಲ್ಲಿ ನಮ್ಮದು ಅಡಿಕೆ ವ್ಯಾಪಾರ. ಲೆಕ್ಕವೆಲ್ಲ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ, ಒಂದೇ ಕಂಪ್ಯೂಟರಿನಲ್ಲಿ. ಮಳೆಗಾಲ ಬಂತೆಂದರೆ ಸಿಡಿಲಿನ ಭಯ. ಕ್ಲೌಡ್ ಡೆಸ್ಕ್‌ಟಾಪ್ ಬಾಡಿಗೆಗೆ ಪಡೆದರೆ ನಿಶ್ಚಿಂತೆಯೇ?

ಉತ್ತರ: ಅರ್ಧ ನಿಶ್ಚಿಂತೆ. ಅಮೆಜಾನ್ ವರ್ಕ್‌ಸ್ಪೇಸಸ್‌ನಂಥ ಸೇವೆಯಲ್ಲಿ ನಿಮ್ಮ ವಿಂಡೋಸ್ ಓಡುವುದು ಮುಂಬಯಿಯ ಡೇಟಾ ಸೆಂಟರಿನಲ್ಲಿ. ನಿಮ್ಮ ಮೇಜಿಗೆ ಬರುವುದು ಅದರ ಚಿತ್ರ ಮಾತ್ರ. ಟ್ಯಾಲಿಯನ್ನು ಮೊದಲೇ ಅಲ್ಲಿಗೆ ಸಾಗಿಸಿದ್ದರೆ, ಅಂಗಡಿಯ ಕಂಪ್ಯೂಟರ್ ಸುಟ್ಟರೂ ಮನೆಯ ಹಳೇ ಲ್ಯಾಪ್‌ಟಾಪ್ ತೆರೆದು ಬಿಲ್ ಮಾಡಬಹುದು. ಗಂಟೆ ಲೆಕ್ಕದ ಬಾಡಿಗೆಯೂ ಇದೆ, ತಿಂಗಳ ಮೂಲಶುಲ್ಕ ಬೇರೆ.

ಆದರೆ ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದು ಕೇಬಲ್ ತುಂಡಾದರೆ? ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ? ನಮ್ಮ ಮಳೆಯ ಕಥೆ ನಿಮಗೆ ನಾನು ಹೇಳಬೇಕೇ! ಬೇರೆ ಬೇರೆ ಕಂಪನಿಯ ಎರಡು ಸಂಪರ್ಕ ಇರಲಿ. ಕೈಬರಹದ ರಸೀದಿ ಪುಸ್ತಕವನ್ನೂ ಎಸೆಯಬೇಡಿ.

ಇನ್ನೊಂದು, ಕ್ಲೌಡ್ ಡೆಸ್ಕ್‌ಟಾಪನ್ನೇ ಬ್ಯಾಕಪ್ ಅಂದುಕೊಳ್ಳಬೇಡಿ. ವರ್ಕ್‌ಸ್ಪೇಸಸ್ ಸಾಮಾನ್ಯವಾಗಿ 12 ಗಂಟೆಗೊಮ್ಮೆ ಪ್ರತಿ ತೆಗೆದಿಡುತ್ತದೆ. ಬೆಳಗಿನ ಪ್ರತಿಗೆ ಮರಳಿದಿರೋ, ಮಧ್ಯಾಹ್ನ ಅಡಿಕೆ ಖರೀದಿಯ ಟೆಂಡರ್ ಮುಗಿಸಿ ಮಾಡಿದ ಬಿಲ್ಲುಗಳೆಲ್ಲ ಮಾಯ. ದಿನದ ಟ್ಯಾಲಿ ಬ್ಯಾಕಪ್ ಬೇರೆಡೆ ಇಡಿ. ಮೇ ತಿಂಗಳಲ್ಲೇ ಒಮ್ಮೆ ಮೇನ್ ಸ್ವಿಚ್ ಆರಿಸಿ, ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಬಿಲ್ ತೆಗೆದು ನೋಡಿ. ನಾನು ಕಂಡಂತೆ ಮೊದಲು ಕೈಕೊಡುವುದು ಪ್ರಿಂಟರೇ.