ಸೊಸೆಯನ್ನು ಕೇಳಲಿ ಬಿಡಿ, ಅಕ್ಕಾರೆ

‘ಸೊಸೆ ಹಡೆದು ಮೂರು ವಾರ ಆಯಿತು. ಮನೆಗೆ ಬಂದ ಆಶಾ ಕಾರ್ಯಕರ್ತೆ, ಅಳು ಬರುತ್ತಾ, ಹೆದರಿಕೆ ಆಗುತ್ತಾ ಎಂದೆಲ್ಲ ಕೇಳಿದಳು. ನಾನೂ ನಾಲ್ಕು ಹಡೆದಿದ್ದೇನೆ, ನನ್ನನ್ನು ಯಾರೂ ಕೇಳಲಿಲ್ಲ. ಸುಮ್ನೆ ಇಲ್ಲದ ಚಿಂತೆ ತಲೆಗೆ ತುಂಬುತ್ತಾರೆ ಅಲ್ವಾ?’
– ಸಿಂಧನೂರಿನ ಓದುಗರು

ಅಕ್ಕಾರೆ, ಸೊಸೆಗೆ ಅಂಟಿನುಂಡಿ ಕಟ್ಟಿದ್ದು, ಗಾಳಿ ತಾಕದಂತೆ ಕಿವಿಗೆ ಅರಿವೆ ಸುತ್ತಿದ್ದು ಎಲ್ಲ ಬರೆದಿದ್ದೀರಿ. ನಿಮ್ಮಂಥ ಅತ್ತೆ ಸಿಕ್ಕಿದ್ದು ಆ ಹುಡುಗಿಯ ಪುಣ್ಯ. ನಿಮ್ಮ ಅಂಜಿಕೆಯಲ್ಲಿ ಒಂದು ನಿಜವಿದೆ. ಕೇಳಿದ ಮೇಲೆ ಎಲ್ಲಿಗೆ ಕಳಿಸಬೇಕೆಂದು ಗೊತ್ತಿಲ್ಲದಿದ್ದರೆ ಕೇಳಿ ಉಪಯೋಗವಿಲ್ಲ.

ಆದರೆ ಕೇಳುವುದರಿಂದ ಚಿಂತೆ ಹುಟ್ಟುವುದಿಲ್ಲ. ಸಾಯಬೇಕು ಅನ್ನಿಸುತ್ತಾ ಎಂದು ಕೇಳಿದರೂ ಆ ಯೋಚನೆ ಹೊಸದಾಗಿ ಬರುವುದಿಲ್ಲ. ಒಳಗೇ ಇದ್ದದ್ದನ್ನು ಹೇಳಿಕೊಳ್ಳಲು ದಾರಿ ಸಿಗುತ್ತದೆ. ಬಾಣಂತಿಯರ ಖಿನ್ನತೆ ಗುರುತಿಸಲು 1987ರಲ್ಲಿ ಬಂದ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಇರುವುದು ಹತ್ತೇ ಪ್ರಶ್ನೆ, ಕಳೆದ ಏಳು ದಿನ ಹೇಗಿದ್ದೆ ಎಂಬುದರ ಬಗ್ಗೆ. ಕನ್ನಡದಲ್ಲೂ ಅದು ಇದೆ, ನಮ್ಮ ಹಳ್ಳಿಯ ಹೆಣ್ಣುಮಕ್ಕಳ ನಡುವೆ ಬಳಸಿ ನೋಡಿದ್ದಾರೆ. ಅಂಕ ಜಾಸ್ತಿ ಬಂದರೆ ಕಾಯಿಲೆ ಇದೆ ಅಂತಲ್ಲ, ವೈದ್ಯರಿಗೆ ತೋರಿಸಿ ಅಂತ.

ಹಡೆದ ವಾರದಲ್ಲಿ ಸುಮ್ಮಸುಮ್ಮನೆ ಅಳು ಬರುವುದು ಬಹಳ ಜನರಿಗೆ ಇದ್ದದ್ದೇ. ಎರಡು ವಾರದೊಳಗೆ ಹೋಗುತ್ತದೆ. ಹೋಗದಿದ್ದರೆ ನೋಡಲೇಬೇಕು. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟು ಸೇರಿಸಿ 2017ರಲ್ಲಿ ಲೆಕ್ಕ ಹಾಕಿದಾಗ ಸುಮಾರು 22 ಶೇಕಡಾ ತಾಯಂದಿರಲ್ಲಿ ಬಾಣಂತಿ ಖಿನ್ನತೆ ಕಂಡಿತ್ತು. ಐವರಲ್ಲಿ ಒಬ್ಬಳು! ಮೊದಲೇ ಖಿನ್ನತೆ ಇದ್ದವಳು, ಗಂಡನ ಏಟು ತಿಂದವಳು, ಕೂಸು ಕಳೆದುಕೊಂಡವಳು, ಹೆಣ್ಣು ಹುಟ್ಟಿತೆಂದು ಮಾತು ಕೇಳಿಸಿಕೊಂಡವಳು, ಇವರಿಗೆ ಅಪಾಯ ಹೆಚ್ಚು. ಇವರಲ್ಲಿ ಹಲವರನ್ನು ಬಸಿರಿನಲ್ಲೇ ಗುರುತಿಸಬಹುದು.

ಕೊಪ್ಪಳದಲ್ಲಿ ನಮ್ಮ ಪಕ್ಕದ ಓಣಿಯ ಹುಡುಗಿಗೆ ಎರಡನೆಯದೂ ಹೆಣ್ಣಾಯಿತು. ಕೂಸು ಮಲಗಿದಾಗಲೂ ಅವಳಿಗೆ ನಿದ್ದೆಯಿಲ್ಲ. ಮನೆಯವರು ದೃಷ್ಟಿ ತೆಗೆದರು, ತಾಯತ ಕಟ್ಟಿದರು. ಹೇಗಿದ್ದಾಳೆ ಅಂದರೆ ಅತ್ತೆಯೇ ‘ಚಲೋ ಅದಾಳ’ ಅನ್ನುತ್ತಿದ್ದರು. ಕೊನೆಗೆ ತಂಗಿ ಬಂದು, ಬಾಗಿಲು ಹಾಕಿ ಕೂತು ಕೇಳಿದಳು. ಆಗ ಬಾಯಿ ಬಿಟ್ಟಳು. ಔಷಧ, ಆಪ್ತಸಮಾಲೋಚನೆ ಎರಡೂ ಸಿಕ್ಕವು, ಸುಧಾರಿಸಿಕೊಂಡಳು. ತಂಗಿ ಇಲ್ಲದವರ ಗತಿ?

ನನ್ನ ಸಿಟ್ಟು ಇಲ್ಲೇ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ 42 ದಿನದೊಳಗೆ ಆರು ಸಲ ಬರಬೇಕು. ಕೂಸಿನ ತೂಕ, ಜ್ವರ, ಹೊಕ್ಕಳು ಎಲ್ಲ ನೋಡುತ್ತಾಳೆ. ತಾಯಿಯ ಮನಸ್ಸಿಗೆ ಹತ್ತು ನಿಮಿಷ ಇಲ್ಲವೇ? 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಇಡೀ ರಾಜ್ಯ ಅವರ ಬಗ್ಗೆ ಮಾತಾಡಿತು. ಸತ್ತ ಮೇಲೆ ಮಾತ್ರ ಯಾಕೆ? ಇನ್ನು ಈ ಕೆಲಸ ಮಾಡಬೇಕಾದ ಆಶಾಗಳು, ತಿಂಗಳಿಗೆ 15,000 ರೂಪಾಯಿ ಕೊಡಿ ಎಂದು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂರಬೇಕಾಯಿತು.

ಅಕ್ಕಾರೆ, ನಾಲ್ಕು ಹಡೆದ ನಿಮ್ಮನ್ನು ಯಾರೂ ಕೇಳಲಿಲ್ಲ ಎಂದು ಬರೆದಿರಿ. ಕೇಳಬೇಕಿತ್ತು. ಮುಂದಿನ ಸಲ ಆಶಾ ಬಂದಾಗ ನೀವು ಕೂಸನ್ನು ಎತ್ತಿಕೊಂಡು ಹೊರಗೆ ಬನ್ನಿ. ಸೊಸೆ ಒಬ್ಬಳೇ ಮಾತಾಡಲಿ. ಮನಸ್ಸು ಭಾರವಾಗಿದೆ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ. ರಾಯಚೂರಿನ ರಿಮ್ಸ್ ಆಸ್ಪತ್ರೆಗೂ ಕರೆದುಕೊಂಡು ಹೋಗಬಹುದು. ಜೊತೆಗೆ ಮಗನನ್ನೂ ಕಳಿಸಿ.