ನಾಯಿಗೆ ಮದ್ದು ನಾಟ್ತಿಲ್ಲ, ಮನೇಲಿ ಮಗು ಇದೆ: ಸಾಕುಪ್ರಾಣಿ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟ್ರೇ, ನಮ್ಮನೇಲಿ ನಾಲ್ಕು ವರ್ಷದ ಲ್ಯಾಬ್ರಡಾರ್ ಇದೆ. ಹೋದ ವರ್ಷದಿಂದ ಹೊಟ್ಟೆ ಹತ್ರ ಕೀವುಗುಳ್ಳೆ, ಕೆರೆತ, ಕಿವಿ ವಾಸನೆ. ಮಾತ್ರೆ ಕೊಟ್ರೆ ಕಮ್ಮಿ ಆಗುತ್ತೆ, ನಿಲ್ಲಿಸಿದ್ರೆ ಮತ್ತೆ ಶುರು. ಒಂದೆರಡು ಸಲ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿಂದ ನಾವೇ ತಂದು ಹಾಕಿದ್ವಿ. ಈ ಸಲ ಕೀವನ್ನ ಲ್ಯಾಬಿಗೆ ಕಳಿಸಿದ್ರು, ಎಂಆರ್‌ಎಸ್‌ಪಿ ಅಂತ ರಿಪೋರ್ಟ್ ಬಂದಿದೆ, ಮುಕ್ಕಾಲು ಔಷಧಿ ಮುಂದೆ 'ಆರ್' (ರೆಸಿಸ್ಟೆಂಟ್, ಅಂದ್ರೆ ಆ ಮದ್ದಿಗೆ ಬಗ್ಗಲ್ಲ) ಅಂತ ಇದೆ. ಮನೇಲಿ ಎಂಟು ತಿಂಗಳ ಮಗು, ಅತ್ತೆಯವರಿಗೆ ಶುಗರ್, ಕಾಲಿನ ಗಾಯ ಇನ್ನೂ ಮಾಗಿಲ್ಲ. ನಾಯೀನ ಯಾರಿಗಾದ್ರೂ ಕೊಟ್ಬಿಡಿ ಅಂತ ಎಲ್ಲಾ ಹೇಳ್ತಿದಾರೆ, ನನಗೆ ಮನಸ್ಸಿಲ್ಲ. — ಓದುಗರು, ದಾವಣಗೆರೆ

ಉತ್ತರ: ಕೊಡಬೇಡಿಮ್ಮಾ. ಕೊಟ್ರೆ ಆ ಬ್ಯಾಕ್ಟೀರಿಯಾ ಇನ್ನೊಂದು ಮನೆಗೆ ಹೋಗುತ್ತೆ ಅಷ್ಟೇ, ಅಲ್ಲಿ ರಿಪೋರ್ಟ್ ಓದಿದೋರೂ ಇರಲ್ಲ, ಎಚ್ಚರಿಕೆ ತಗೊಳ್ಳೋರೂ ಇರಲ್ಲ.

ಎಂಆರ್‌ಎಸ್‌ಪಿ ಅಂದ್ರೆ ಮೆಥಿಸಿಲಿನ್ ಅನ್ನೋ ಆಂಟಿಬಯಾಟಿಕ್‌ಗೆ ಬಗ್ಗದ ಸ್ಟೆಫೈಲೊಕಾಕಸ್ ಸ್ಯೂಡಿಂಟರ್‌ಮೀಡಿಯಸ್ ಅನ್ನೋ ಬ್ಯಾಕ್ಟೀರಿಯಾ. ಈ ಜಾತಿ ಚೆನ್ನಾಗಿರೋ ನಾಯಿಗಳ ಮೂಗು, ಬಾಯಿ, ಚರ್ಮದ ಮೇಲೂ ಮಾಮೂಲಾಗೇ ಇರುತ್ತೆ, ನಿಮ್ಮ ನಾಯಿ ಮೈಮೇಲಿರೋದು ಅದರಲ್ಲೇ ಔಷಧಿಗೆ ಸಾಯದೆ ಉಳ್ಕೊಂಡಿರೋ ತಳಿ. ಇದು ನಾಯಿಗೆ ಒಗ್ಗಿರೋ ಬ್ಯಾಕ್ಟೀರಿಯಾ ಆದ್ರಿಂದ ನಮ್ಮ ಮೈಗೆ ಬಂದ್ರೂ ಸಾಮಾನ್ಯವಾಗಿ ಹೆಚ್ಚು ದಿನ ನಿಲ್ಲಲ್ಲ, ಮನುಷ್ಯರಿಗೆ ಸೋಂಕು ಆಗಿರೋದು ಉಂಟು ಆದ್ರೆ ಅಪರೂಪ, ಅದೂ ಹೆಚ್ಚಾಗಿ ಗಾಯ ಇರೋರಿಗೆ, ಆಪರೇಷನ್ ಆದೋರಿಗೆ, ರೋಗನಿರೋಧಕ ಶಕ್ತಿ ಕುಗ್ಗಿರೋರಿಗೆ. ಹಾಗಾಗಿ ನನಗೆ ಮಗೂಗಿಂತ ನಿಮ್ಮ ಅತ್ತೆಯವರ ಕಾಲಿನ ಚಿಂತೆನೇ ಜಾಸ್ತಿ. ಗಾಯಕ್ಕೆ ಸದಾ ಬ್ಯಾಂಡೇಜ್ ಇರಲಿ, ನಾಯಿ ಅದನ್ನ ನೆಕ್ಕೋದು ಬೇಡ್ವೇ ಬೇಡ, ಅವರನ್ನ ನೋಡೋ ಡಾಕ್ಟರಿಗೆ ಈ ರಿಪೋರ್ಟಿನ ವಿಷಯ ಹೇಳಿ, ಗಾಯ ಕೆಂಪಾದ್ರೆ ಏನು ಹುಡುಕ್ಬೇಕು ಅಂತ ಅವರಿಗೆ ಗೊತ್ತಿರುತ್ತೆ. ಮಗು ನಾಯಿ ಮಲಗೋ ಬಟ್ಟೆ ಮೇಲೆ ಅಂಬೆಗಾಲಿಡೋದು ಬೇಡ, ಆ ಬಟ್ಟೆನ ಬಿಸಿನೀರಲ್ಲಿ ಒಗೆದು ಚೆನ್ನಾಗಿ ಬಿಸಿಲಿಗೆ ಹಾಕಿ. ಕಿವಿಗೆ ಡ್ರಾಪ್ಸ್ ಹಾಕಿದ ಮೇಲೆ, ಗುಳ್ಳೆ ಮುಟ್ಟಿದ ಮೇಲೆ ಸೋಪಲ್ಲಿ ಕೈ ತೊಳೀರಿ, ಇದೊಂದನ್ನ ಮಾತ್ರ ಯಾವತ್ತೂ ತಪ್ಪಿಸ್ಬೇಡಿ.

ಈಗ ಇದು ಹೇಗಾಯ್ತು ಅಂತ. ಪ್ರತಿ ಸಲ ಮಾತ್ರೆ ಕೊಟ್ಟಾಗ ಸಾಯೋ ಬ್ಯಾಕ್ಟೀರಿಯಾ ಸಾಯ್ತವೆ, ಸಾಯದೇ ಇರೋವು ಖಾಲಿಯಾದ ಜಾಗದಲ್ಲಿ ಬೆಳೀತವೆ, ಮುಂದಿನ ಸಲ ಅವೇ ಜಾಸ್ತಿ ಇರ್ತವೆ. ಇವುಗಳಲ್ಲಿ ಮೆಕ್‌ಎ ಅನ್ನೋ ಜೀನ್ ಇರುತ್ತೆ, ಅದಿದ್ರೆ ಅಮಾಕ್ಸಿಸಿಲಿನ್, ಸೆಫಾಲೆಕ್ಸಿನ್ ಥರದ ನಾವು ದಿನಾ ಬಳಸೋ ಮಾತ್ರೆಗಳೆಲ್ಲ ವ್ಯರ್ಥ. ಆದ್ರೆ ನಿಮ್ಮ ನಾಯಿಗೆ ಮತ್ತೆ ಮತ್ತೆ ಗುಳ್ಳೆ ಏಳೋದ್ರ ಮೂಲ ಬ್ಯಾಕ್ಟೀರಿಯಾ ಅಲ್ಲದೇ ಇರಬಹುದು. ಹೀಗೆ ಮರುಕಳಿಸೋ ಚರ್ಮದ ತೊಂದರೆ ಹಿಂದೆ ಹೆಚ್ಚಾಗಿ ಅಲರ್ಜಿ ಇರುತ್ತೆ, ಚಿಗಟದ್ದೋ, ಊಟದ್ದೋ, ಧೂಳಿಂದೋ, ಕೆಲವಕ್ಕೆ ಥೈರಾಯ್ಡ್ ಕೂಡ ಕಾರಣ, ಅದನ್ನ ಹುಡುಕದೆ ವರ್ಷಗಟ್ಟಲೆ ಮಾತ್ರೆ ಬದಲಾಯಿಸ್ತಾ ಹೋಗಿ ಕೊನೆಗೆ ಈ ಸ್ಥಿತಿಗೆ ಬರೋ ನಾಯಿಗಳನ್ನ ನೋಡಿದಾಗ ನಿಜವಾಗ್ಲೂ ಸಂಕಟ ಆಗುತ್ತೆ.

ದಾರಿ ಇದೆ. ಸೋಂಕು ಮೇಲ್ಚರ್ಮದಲ್ಲಷ್ಟೇ ಇದ್ರೆ ಕ್ಲೋರ್‌ಹೆಕ್ಸಿಡಿನ್ ಶಾಂಪೂನಿಂದಲೇ ಎಷ್ಟೋ ನಾಯಿಗಳು ವಾಸಿ ಆಗ್ತವೆ, ಇದಕ್ಕೆ ಎಂಆರ್‌ಎಸ್‌ಪಿನೂ ಸಾಯುತ್ತೆ, ಹಚ್ಚಿ 10 ನಿಮಿಷ ಬಿಟ್ಟು ತೊಳೀಬೇಕು, ತಕ್ಷಣ ನೀರು ಹೊಯ್ದ್ರೆ ಪ್ರಯೋಜನ ಇಲ್ಲ. ವಾರಕ್ಕೆಷ್ಟು ಸಲ ಅಂತ ನಿಮ್ಮ ಡಾಕ್ಟರ್ ಹೇಳ್ತಾರೆ. ಇನ್ನೊಂದು ಮಾತು, ರಿಪೋರ್ಟಲ್ಲಿ ಲಿನೆಜೋಲಿಡ್, ವ್ಯಾಂಕೋಮೈಸಿನ್ ಮುಂದೆ 'ಎಸ್' (ಅಂದ್ರೆ ಆ ಮದ್ದಿಗೆ ಸಾಯುತ್ತೆ) ಅಂತ ಇದ್ರೆ ಅದನ್ನೇ ಕೊಡಿ ಅಂತ ಒತ್ತಾಯ ಮಾಡ್ಬೇಡಿ, ಐಸಿಯುನಲ್ಲಿರೋ ಮನುಷ್ಯರಿಗೆ ಅಂತ ಉಳಿಸಿಟ್ಟಿರೋ ಮದ್ದು ಅವು.

ಪ್ರಶ್ನೆ: ನಮ್ಮ ಯಜಮಾನ್ರಿಗೆ ಆಪರೇಷನ್ ಗಾಯದಲ್ಲಿ ಎಂಆರ್‌ಎಸ್‌ಎ ಅಂತ ಬಂದಿದೆ. ಬೆಕ್ಕಿಂದ ಬಂದಿರುತ್ತೆ ಅಂತ ನೆಂಟರು ಹೇಳ್ತಾರೆ, ಹೌದಾ? — ಓದುಗರು, ಹಾಸನ

ಉತ್ತರ: ಹೆಚ್ಚಾಗಿ ಉಲ್ಟಾ. ಎಂಆರ್‌ಎಸ್‌ಎ ಅಂದ್ರೆ ಮೆಥಿಸಿಲಿನ್‌ಗೆ ಬಗ್ಗದ ಸ್ಟೆಫೈಲೊಕಾಕಸ್ ಆರಿಯಸ್, ಅದು ಮುಖ್ಯವಾಗಿ ಮನುಷ್ಯರದ್ದು, ಬೆಕ್ಕು ನಾಯಿಗಳಿಗೆ ಅದು ಸಾಮಾನ್ಯವಾಗಿ ನಮ್ಮಿಂದಲೇ ಹೋಗೋದು, ನಮ್ಮ ಸಂಪರ್ಕ ತಪ್ಪಿದ್ರೆ ಅವುಗಳ ಮೈಯಿಂದ ತಾನಾಗೇ ಹೋಗಿಬಿಡೋದೂ ಉಂಟು. ಬೆಕ್ಕಿಗೆ ಗಾಯ ಇಲ್ಲ, ಚೆನ್ನಾಗಿ ತಿನ್ಕೊಂಡಿದೆ ಅಂದ್ರೆ ಟೆಸ್ಟೂ ಬೇಡ, ಔಷಧಿನೂ ಬೇಡ. ಗಾಯ ಮಾಗೋವರೆಗೂ ಬೆಕ್ಕು ಅವರ ಹಾಸಿಗೆ ಹತ್ತದೇ ಇರಲಿ.

ಪ್ರಶ್ನೆ: ಪೆಟ್ ಶಾಪಿಂದ ತಂದ ನಾಯಿಮರಿಗೆ ಸ್ವಲ್ಪ ಭೇದಿ. ಸೇಫ್ಟಿಗೆ ಒಂದು ಕೋರ್ಸ್ ಆಂಟಿಬಯಾಟಿಕ್ ಹಾಕ್ಲಾ? ಹಸಿ ಕೋಳಿ ಕೊಡ್ತಿದ್ದೀವಿ. — ಓದುಗರು, ಬೆಂಗಳೂರು

ಉತ್ತರ: 'ಸೇಫ್ಟಿಗೆ' ಅಂತ ಹಾಕೋದ್ರಿಂದಲೇ ಎಷ್ಟು ಅನಾಹುತ ಆಗುತ್ತೆ ನೋಡಿ. ಅಮೆರಿಕದಲ್ಲಿ 2016ರಿಂದ 2018ರ ಶುರುವರೆಗೆ ಪೆಟ್ ಶಾಪ್ ಮರಿಗಳಿಂದ ನೂರಕ್ಕೂ ಹೆಚ್ಚು ಜನಕ್ಕೆ ಕ್ಯಾಂಪೈಲೊಬ್ಯಾಕ್ಟರ್ ಅನ್ನೋ, ಭೇದಿ ತರೋ ಬ್ಯಾಕ್ಟೀರಿಯಾದ ಸೋಂಕು ಆಯ್ತು, ಆ ಬ್ಯಾಕ್ಟೀರಿಯಾ ಮಾಮೂಲಿ ಔಷಧಿಗಳಿಗೆಲ್ಲ ಬಗ್ಗದೆ ನಿಂತಿತ್ತು. ಅಧಿಕಾರಿಗಳು ದಾಖಲೆ ತೆಗೆದು ನೋಡಿದ್ರೆ 149 ಮರಿಗಳಲ್ಲಿ 142ಕ್ಕೆ ಆಂಟಿಬಯಾಟಿಕ್ ಕೊಟ್ಟಿದ್ರು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮರಿಗಳಿಗೆ ರೋಗ ಬರದೇ ಇರಲಿ ಅಂತಷ್ಟೇ.

ಮರಿ ಚುರುಕಾಗಿದ್ರೆ ಮೊದಲು ಜಂತುಹುಳದ ಔಷಧಿ ಆಗಿದ್ಯಾ ನೋಡಿ, ಊಟ ದಿಢೀರ್ ಬದಲಾಗಿದ್ರೂ ಭೇದಿ ಆಗುತ್ತೆ. ವಾಂತಿ, ರಕ್ತ, ಸಪ್ಪಗೆ ಮಲಗೋದು ಇದ್ರೆ ಪಾರ್ವೋ ಅನ್ನೋ ಅಪಾಯದ ವೈರಸ್ ರೋಗ ಇರಬಹುದು, ಅವತ್ತೇ ಕರ್ಕೊಂಡು ಹೋಗಿ, ಆಂಟಿಬಯಾಟಿಕ್ ಬೇಕೋ ಬೇಡ್ವೋ ಅಂತ ಡಾಕ್ಟರ್ ನೋಡಿ ಹೇಳ್ತಾರೆ. ಮರಿಯ ಮಲ ತೆಗೆಯೋ ಕೆಲಸ ಮಕ್ಕಳಿಗೆ ಹಚ್ಚಬೇಡಿ.

ಹಸಿ ಕೋಳಿ ನಿಲ್ಲಿಸಿ. ಹಸಿ ಮಾಂಸ ತಿನ್ನೋ ನಾಯಿಗಳ ಮಲದಲ್ಲಿ ಔಷಧಿಗೆ ಬಗ್ಗದ ಇ. ಕೋಲೈ ಅನ್ನೋ ಕರುಳಿನ ಬ್ಯಾಕ್ಟೀರಿಯಾ ಹೆಚ್ಚಾಗಿ ಸಿಗುತ್ತೆ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ, ಫ್ರೀಜರಲ್ಲಿ ಇಟ್ರೆ ಸಾಯುತ್ತೆ ಅನ್ನೋದೂ ತಪ್ಪು. ಚೆನ್ನಾಗಿ ಬೇಯಿಸಿ, ಉಪ್ಪು ಖಾರ ಈರುಳ್ಳಿ ಹಾಕದೆ, ಮೂಳೆ ತೆಗೆದು ಕೊಡಿ, ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತೆ.